ಗೋಡೆಯ ಮೇಲಿನ ಇದ್ದಲು

ನಮ್ಮ ಸೀಮೆ ಇನ್ನೂ ಮುಂಬೈ ಸರಕಾರದ ಕೆಳಗಿದ್ದ ಕಾಲ. ಮದುವೆಯಾಗಿ ಆರು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲವೆಂದು ಅತ್ತೆ ನನ್ನ ಗಂಡನಿಗೆ ಎರಡನೇ ಮದುವೆ ಮಾಡಿದರು. ಗಜೇಂದ್ರಗಡದ ಆ ಮನೆಯಲ್ಲಿ ಆ ಮದುವೆಯ ಹೋಳಿಗೆಯನ್ನೂ ನಾನೇ ಮಾಡಿದೆ. ಬೆಳವಣಕಿಯಿಂದ ಅಪ್ಪ ಬಂದು, ಉಂಡು, ನನ್ನ ಮುಖ ನೋಡದೆ ಹೋದ. ಮರುದಿನ ನನ್ನ ಹಾಸಿಗೆ ದನದ ಕೊಟ್ಟಿಗೆಗೆ ಹೋಯಿತು.

ಒಂದು ಮಧ್ಯಾಹ್ನ, ಒಲೆಯ ಬೂದಿಯಲ್ಲಿ ಸಿಕ್ಕ ಇದ್ದಲಿನಿಂದ ಕೊಟ್ಟಿಗೆಯ ಗೋಡೆಯ ಮೇಲೆ ಎಮ್ಮೆಯ ಚಿತ್ರ ಬರೆದೆ. ಅದರ ಕಾಲುಗಳು ಹೊರಸುಮಂಚದ ಕಾಲಿನಂತಾದವು. ನೋಡಿ ನನಗೇ ನಗು ಬಂತು. ನಕ್ಕು ಎಷ್ಟೋ ತಿಂಗಳಾಗಿತ್ತು. ದಿನವೂ ಬರೆಯತೊಡಗಿದೆ. ಕೊನೆಗೆ ಅತ್ತೆಯ ಮುಖವನ್ನೂ ಬರೆದೆ.

ಅವರು ಅದನ್ನು ಕಂಡರು. "ಬಂಜಿಗೆ ಗ್ವಾಡಿ ಹೊಲಸ ಮಾಡೂದೊಂದ ಉಳದಿತ್ತು" ಎನ್ನುತ್ತ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಬಲಗೈಗೆ ಉರಿಯುವ ಕೊಳ್ಳಿ ಒತ್ತಿದರು. "ಈಗ ಹೋಗಿ ಸಾರಸು" ಎಂದರು. ಪಡಸಾಲೆಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಗಂಡ ಎದ್ದು ಬರಲಿಲ್ಲ.

ಎಡಗೈಯಿಂದ ಗೋಡೆಗೆ ಸಗಣಿ ಬಳಿದೆ. ನೀರು ತಂದುಕೊಟ್ಟವಳು ಸವತಿ, ಹದಿನಾರರ ಹುಡುಗಿ. "ಅಕ್ಕಾ, ಅತ್ತಿ ಮಾರಿ ಖರೇನ ಹಂಗ ಇತ್ತ ನೋಡ್ರಿ" ಎಂದು ಪಿಸುಗುಟ್ಟಿದಳು.

ಮೂರನೇ ದಿನ ಗೋಡೆ ಒಣಗಿ ಮೊದಲಿಗಿಂತ ನುಣುಪಾಯಿತು. ಬಲಗೈಯ ಬೊಬ್ಬೆ ಒಡೆದಿತ್ತು. ಎಡಗೈಯಿಂದ ಸವತಿಯ ಮುಖ ಬರೆದೆ. ಮೂಗು ಸರಿಬರಲಿಲ್ಲ. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಮುಂದೆಯೂ ಎಷ್ಟೋ ಸಲ ಹೊಡೆತ ತಿಂದು, ಗೋಡೆ ಸಾರಿಸಿ, ಮತ್ತೆ ಬರೆದೆ. ಆ ಮನೆಯಲ್ಲಿ ನಾನು ಬಾವಿಗೆ ಬೀಳದೆ ಉಳಿದದ್ದು ಆ ಗೆರೆಗಳ ಉಪಕಾರದಿಂದ.