ನಾಟಕಕ್ಕಿಂತ ಮೊದಲು ಬರಬೇಕಾದವರು

ನಮ್ಮ ಕಡೆ ಒಬ್ಬ ಮನುಷ್ಯನ ಜಡ್ಡು ಎಷ್ಟು ದೊಡ್ಡದೆಂಬುದನ್ನು ಆಸ್ಪತ್ರೆಯ ಫೈಲಿಗಿಂತ ಅವನ ಅಡುಗೆಮನೆಯ ಕಟ್ಟೆಯೇ ಚೆನ್ನಾಗಿ ಹೇಳುತ್ತದೆ. ನೆಗಡಿ-ಜ್ವರಕ್ಕೆ ಬಾಳೆಹಣ್ಣು ಬರುತ್ತವೆ. ಅದಕ್ಕೂ ಮಿಗಿಲಾದದ್ದಕ್ಕೆ ಬಿಸ್ಕೀಟಿನ ಪುಡಾ. ಎದೆಗೆ ಸಂಬಂಧಿಸಿದ್ದಾದರೆ ಬ್ರೆಡ್ಡು ಮತ್ತು ಎಳನೀರು. ಇಂಡಿ ಊರಿನ ನಮ್ಮ ಮನೆಯಲ್ಲಿ ಸಣ್ಣದೊಂದು ಬೇಕರಿ ತೆರೆಯುವಷ್ಟು ಬ್ರೆಡ್ಡು ಜಮೆಯಾಗಿತ್ತೆಂದರೆ, ನನಗೇನಾಗಿತ್ತೆಂಬುದನ್ನು ತಾವು ಊಹಿಸಬಹುದು. ಕೋರ್ಟಿನಲ್ಲಿ ಕಕ್ಷಿದಾರನ ಪರವಾಗಿ ಆವೇಶದಿಂದ ವಾದಿಸುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದು ಕೂತೆ. ವಿಜಯಪುರಕ್ಕೆ ಒಯ್ದರು, ರಕ್ತನಾಳವೊಂದು ಕಟ್ಟಿಕೊಂಡಿದೆಯೆಂದು ಸ್ಟೆಂಟ್ ಕೂಡಿಸಿ ಕಳಿಸಿದರು. ನಮ್ಮ ಜನ ಅದನ್ನು ಸ್ಪ್ರಿಂಗು ಎನ್ನುತ್ತಾರೆ. ಹೀಗೆ ಇಪ್ಪತ್ತೈದು ವರ್ಷ ವಕೀಲಿ ಮಾಡಿ ಗಳಿಸದ ಪ್ರಸಿದ್ಧಿಯನ್ನು ನಾನು ಒಂದು ಸ್ಪ್ರಿಂಗಿನಿಂದ ಗಳಿಸಿದೆ.

ಮನೆಗೆ ಬಂದ ಮೇಲೆ ನನ್ನನ್ನು ಹಿಡಿದದ್ದು ಹೆದರಿಕೆ, ಬೇರೇನೂ ಅಲ್ಲ. ಎಡ ಮಗ್ಗುಲಿಗೆ ಮಲಗಲು ಹೆದರಿಕೆ, ಸ್ನಾನದ ಕೋಣೆಗೆ ಚಿಲಕ ಹಾಕಲು ಹೆದರಿಕೆ. ಗಡಿಯಾರ ನೋಡುವ ನೆಪದಲ್ಲಿ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ. ಈ ದೈನ್ಯದ ನಡುವೆ ನನ್ನನ್ನು ಕೈಹಿಡಿದು ಎಬ್ಬಿಸುತ್ತಿದ್ದ ಆಸೆ ಒಂದೇ: ಸಿಂದಗಿಯಲ್ಲಿ ನಾಟಕದ ಕಂಪನಿಯೊಂದು ಟೆಂಟು ಹಾಕಿತ್ತು. ನಾಲ್ಕು ಜನರ ನಡುವೆ ತಗಡಿನ ಕುರ್ಚಿಯಲ್ಲಿ ಕೂತು ಹಾಸ್ಯನಟನ ಮಾತಿಗೆ ಹೊಟ್ಟೆ ಹುಣ್ಣಾಗುವಂತೆ ಒಮ್ಮೆ ನಕ್ಕು, ನಕ್ಕ ಮೇಲೂ ಬದುಕಿ ಎದ್ದು ಬಂದರೆ, ನಾನು ಮತ್ತೆ ಮನುಷ್ಯರ ಲೆಕ್ಕಕ್ಕೆ ಸೇರಿದೆನೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಡಾಕ್ಟರು ಅಡ್ಡಿಯಿಲ್ಲವೆಂದಿದ್ದರು. ಆದರೆ ಬರುವ ರವಿವಾರದ ಸಂಜೆಯ ಆಟವೇ ಕಡೆಯದು. ಆಮೇಲೆ ಕಂಪನಿ ಮುಂದಿನ ಊರಿಗೆ ಹೊರಡುವುದಿತ್ತು.

ಅಡ್ಡಿ ಬಂದದ್ದು ಹೃದಯಕ್ಕಿಂತ ಕಠಿಣವಾದ ಶಾಸ್ತ್ರದಿಂದ. ಜಡ್ಡಿಗೆ ಬಿದ್ದವರನ್ನು ಬಂಧುಬಳಗವೆಲ್ಲ ಬಂದು ಮಾತಾಡಿಸಿಕೊಂಡು ಹೋಗುವುದು ನಮ್ಮಲ್ಲಿ ಬಿಡಲಾಗದ ಪದ್ಧತಿ. ಅವರೆಲ್ಲ ಬಂದು ಹೋಗುವ ತನಕ ರೋಗಿ ರೋಗಿಯಾಗಿಯೇ ಇರತಕ್ಕದ್ದು. ನಡುವೆ ನಾಟಕದ ಟೆಂಟಿನಲ್ಲಿ ಕಂಡನೆಂದರೆ, ಬಸ್ ಚಾರ್ಜು ಕೊಟ್ಟು ಬರಲಿದ್ದವರ ಅನುಕಂಪಕ್ಕೆ ಅಪಮಾನ. ಕನ್ನೊಳ್ಳಿಯ ಬೀಗರು ಬಂದರು. ಹೊರ್ತಿಯಿಂದ ಲಿಂಬೆ ತೋಟದ ಇಮಾಮಸಾಬ ಬಂದು, ಇಂಥದೇ ಸ್ಪ್ರಿಂಗು ಹಾಕಿಸಿಕೊಂಡ ತನ್ನ ಪರಿಚಯದವರ ಕಥೆಗಳನ್ನು ಒಂದೊಂದಾಗಿ ಹೇಳಿ, ಪ್ರತಿಯೊಂದನ್ನೂ ಮಣ್ಣಿನಲ್ಲಿ ಮುಗಿಸಿ, ನೀವು ಮಾತ್ರ ಚಿಂತೆ ಮಾಡಬೇಡಿರೆಂದು ಧೈರ್ಯ ತುಂಬಿ ಹೋದ. ಅವನು ಹೋದ ಮೇಲೆ ಒಂದು ತಾಸು ನಾಡಿಯ ಮೇಲಿನ ಬೆರಳು ತೆಗೆಯಲಿಲ್ಲ.

ಎಲ್ಲರೂ ಬಂದರು; ಮುದ್ದೇಬಿಹಾಳದ ನೀಲಕ್ಕ ಬರಲಿಲ್ಲ. ಅವಳು ನನ್ನ ಒಡಹುಟ್ಟಿದ ಅಕ್ಕ, ತಾಯಿಯ ನಂತರ ತಾಯಿಯಾದವಳು. ಫೋನು ಮಾಡಿದರೆ ಒಮ್ಮೆ ಮೊಣಕಾಲು ನೋವು, ಒಮ್ಮೆ ಎಮ್ಮೆ ಈಯುವುದಿದೆ, ಒಮ್ಮೆ ಬಸ್ಸಿಲ್ಲ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಕಳವಳ ಹತ್ತಿತು. ಯಾವುದಾದರೂ ಮಾತಿಗೆ ಮುನಿಸಿಕೊಂಡಳೋ, ಇಲ್ಲಾ ಡಾಕ್ಟರು ನನ್ನಿಂದ ಮುಚ್ಚಿಟ್ಟದ್ದೇನೋ ಅವಳಿಗೆ ಗೊತ್ತಾಗಿದೆಯೋ ಎಂದು ಮನಸ್ಸು ಪಾಟೀಸವಾಲು ನಡೆಸುತ್ತಿತ್ತು. ನನ್ನ ಹೆಂಡತಿ ಶಾಂತಾ ಮಾತ್ರ, ಅಕ್ಕ ಬರುವ ತನಕ ನಾಟಕವಿಲ್ಲವೆಂಬ ಪಟ್ಟು ಬಿಡಲಿಲ್ಲ. ಒಡಹುಟ್ಟಿದ ಅಕ್ಕನೇ ಬಂದು ನೋಡಿಲ್ಲ, ತಮ್ಮ ಮಾತ್ರ ನಾಟಕಕ್ಕೆ ಹೋದನೆಂದು ಊರವರು ಆಡಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಶುಕ್ರವಾರ ನಾನೇ ಫೋನು ಮಾಡಿ, ವಕೀಲಿ ಬಿಟ್ಟು ತಮ್ಮನಾಗಿ ಕೇಳಿದೆ: ಯಾಕೆ ಬರಲಿಲ್ಲ? ಅವಳು ಭಾವನ ಮಾತು ತೆಗೆದಳು. ಭಾವನಿಗೂ ಎದೆನೋವು ಬಂದಿತ್ತು, ಆಸ್ಪತ್ರೆಯಿಂದ ಚೆನ್ನಾಗಿಯೇ ಮನೆಗೆ ಬಂದಿದ್ದರು. ಬಳಗವೆಲ್ಲ ಬಂದು ಹೋಯಿತು. ಕಡೆಗೆ ಬಾಗೇವಾಡಿಯಿಂದ ಅವರ ತಂಗಿ ಬಂದು ಮಾತಾಡಿಸಿ ಹೋದಳು. ಮರುದಿನ ಭಾವ ಏಳಲಿಲ್ಲ.

"ಎಲ್ಲಾರೂ ಬಂದು ಹ್ವಾದ್ರ ಮುಗಿದು ಹೋಗತೈತಿ ತಮ್ಮಾ," ಎಂದಳು ಅಕ್ಕ. "ನಾ ಒಬ್ಬಾಕಿ ಬರೂದು ಉಳದಿರ್ಲಿ ಅಂತ ಬಿಟ್ಟೇನಿ."

ಪ್ರತಿಪಕ್ಷದ ಯಾವ ವಾದಕ್ಕೂ ಉತ್ತರ ಹುಡುಕಬಲ್ಲೆನೆಂದು ಜಂಬಪಡುತ್ತಿದ್ದ ನಾನು ಫೋನು ಹಿಡಿದುಕೊಂಡು ಮಗುವಿನ ಹಾಗೆ ಅತ್ತೆ. ನನಗೊಬ್ಬನಿಗೇ ಹೆದರಿಕೆಯೆಂದುಕೊಂಡಿದ್ದೆ, ಇಷ್ಟು ದಿನ ಮುದ್ದೇಬಿಹಾಳದಲ್ಲಿ ಕೂತು ಅಕ್ಕ ನನ್ನ ಪಾಲಿನ ಹೆದರಿಕೆಯನ್ನೂ ಹೊತ್ತಿದ್ದಳು. ಅದು ಮೂಢನಂಬಿಕೆಯೆಂದು ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಒಳಗೊಳಗೆ ನಾನೂ ಅದನ್ನು ನಂಬಿಬಿಟ್ಟಿದ್ದೆ. ಮೂಗು ಒರೆಸಿಕೊಂಡು, ಹಾಗಾದರೆ ನನ್ನ ನಾಟಕದ ಗತಿಯೇನೆಂದು ಕೇಳಿದೆ. ಅಕ್ಕ ಯೋಚಿಸಿದಳು. ಆಮೇಲೆ ವಕೀಲರಿಗೂ ಹೊಳೆಯದ ದಾರಿಯೊಂದನ್ನು ತೆಗೆದಳು: ಅವಳು ನನ್ನನ್ನು ಮಾತಾಡಿಸಲು ಬರುವುದಿಲ್ಲ, ನಮ್ಮ ಮನೆಗೂ ಬರುವುದಿಲ್ಲ, ನೆಟ್ಟಗೆ ಸಿಂದಗಿಗೆ ನಾಟಕ ನೋಡಲು ಬರುತ್ತಾಳೆ. ಅಲ್ಲಿ ನಾನೂ ಇದ್ದರೆ ಅದು ಬೇರೆ ಮಾತು. ಶಾಂತಾ ಇದನ್ನು ಎರಡು ಸಲ ಹೇಳಿಸಿಕೊಂಡು, ಒಂದು ಗುಟುಕು ನೀರು ಕುಡಿದು, ಒಪ್ಪಿದಳು.

ರವಿವಾರ ಅಕ್ಕ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಬಂದು ಟೆಂಟಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬ್ರೆಡ್ಡಿರಲಿಲ್ಲ, ಎಳನೀರಿರಲಿಲ್ಲ. ಹೇಗಿದ್ದೀಯೆಂದು ಕೇಳಲಿಲ್ಲ, ಟಿಕೀಟು ತೆಗೆಸಿದೆಯಾ ಎಂದಷ್ಟೇ ಕೇಳಿದಳು. ನನ್ನ ಮಗ್ಗುಲಿಗೇ ಕೂತಳು. ಹಾಸ್ಯನಟ ಅತ್ತೆಯ ಸೀರೆಯುಟ್ಟು ರಂಗಕ್ಕೆ ಬಂದಾಗ ಟೆಂಟೆಲ್ಲ ಎದ್ದು ನಕ್ಕಿತು. ನಾನೂ ನಕ್ಕೆ, ಅರ್ಧಕ್ಕೆ ಹೆದರಿ ಎದೆಯ ಮೇಲೆ ಕೈಯಿಟ್ಟುಕೊಂಡೆ. ಅಕ್ಕ ರಂಗದ ಕಡೆ ನೋಡುತ್ತಲೇ ಇರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಕೇಳಬಾರದ ಪ್ರಶ್ನೆಯನ್ನು ತುಟಿಯಲ್ಲಿ ಒತ್ತಿ ಹಿಡಿದು, ನನ್ನ ಕೈಯನ್ನು ಎದೆಯಿಂದ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಉಳಿದ ನಾಟಕಕ್ಕೆ ನಾವಿಬ್ಬರೂ ಹಾಗೆಯೇ ಕೂತು ನಕ್ಕೆವು. ಕಥೆ ಏನೆಂದು ಈಗಲೂ ನನಗೆ ಸರಿಯಾಗಿ ನೆನಪಿಲ್ಲ.

ಆಟ ಮುಗಿದ ಮೇಲೆ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಅಕ್ಕ, ಎಚ್ಚರಿಕೆ ಕೊಡುವವಳಂತೆ ಬೆರಳೆತ್ತಿದಳು.

"ನಿನ್ನ ಮಾತಾಡಸಾಕ ನಾ ಇನ್ನಾ ಬಂದಿಲ್ಲ, ನೆನಪಿರ್ಲಿ."

"ಸಾವಕಾಶ ಬಾ ಅಕ್ಕಾ," ಎಂದೆ. "ಏನೂ ಅವಸರ ಇಲ್ಲ."