ಬಟ್ಟಲಲ್ಲಿ ಬಂದ ಹೆಪ್ಪು

"ಮೀನಿನ ತೊಟ್ಟಿಯಾಗಿನ ಸ್ಪಂಜು ಎಷ್ಟ್ ಹೊಲಸಾಗಿತ್ತವ್ವಾ! ಸೋಪು ಹಚ್ಚಿ ತೊಳ್ದು ಬಿಸಿಲಿಗೆ ಇಟ್ಟೀನಿ ನೋಡು" ಎಂದು ಬನವಾಸಿಯಿಂದ ಬಂದಿದ್ದ ಅತ್ತೆ ಹೇಳಿದಾಗ ನಾನು ಸಂತೆಚೀಲ ಹಿಡಿದುಕೊಂಡೇ ನಿಂತುಬಿಟ್ಟೆ.

ಶಿರಸಿಯ ನಮ್ಮ ಮನೆಯ ಆ ಹೊಸ ತೊಟ್ಟಿಗೆ ಇನ್ನೂ ಮೀನು ಬಿಟ್ಟಿರಲಿಲ್ಲ. ಮೀನಿನ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳು ಮೊದಲು ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯಬೇಕು. ಅದಕ್ಕೂ ಮೊದಲೇ ಬಿಟ್ಟರೆ ಮೀನು ಸಾಯುತ್ತವೆ. ಹಾಗಾಗಿ ವಾರಗಟ್ಟಲೆ ಬರೀ ನೀರಿಗೆ ಚಿಟಿಕೆ ಚಿಟಿಕೆ ಮೀನಿನ ಆಹಾರ ಹಾಕುತ್ತ ಕಾದಿದ್ದೆ.

ಸಿಟ್ಟು ತಡೆಯಲಾಗಲಿಲ್ಲ. "ಹೆಪ್ಪಿಗೆ ಇಟ್ಟ ಮೊಸರನ್ನೇ ಚೆಲ್ಲಿ ಪಾತ್ರೆ ತೊಳೆದ ಹಾಗಾಯ್ತಲ್ಲ ಅತ್ತೆ!" ಎಂದುಬಿಟ್ಟೆ. ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮರಳಿ ಬಂದಾಗ ಅವರ ಕೈಯಲ್ಲಿ ತಟ್ಟೆ ಮುಚ್ಚಿದ ಸ್ಟೀಲಿನ ಬಟ್ಟಲಿತ್ತು. ಒಳಗೆ ನೀರಲ್ಲಿ ನೆನೆದ, ಕಂದುಗಟ್ಟಿದ ಸ್ಪಂಜಿನ ತುಂಡು. ಎದುರು ಮನೆಯ ಜುಲೇಖಾ ಅವರಲ್ಲಿ ಬಹಳ ವರ್ಷಗಳಿಂದ ಮೀನಿನ ತೊಟ್ಟಿಯಿದೆ. ಅವರ ಫಿಲ್ಟರಿನಿಂದಲೇ ಕತ್ತರಿಸಿಕೊಟ್ಟಿದ್ದರಂತೆ.

"ಹೆಪ್ಪು ಇಸ್ಕೊಂಡು ಬಂದೀನಿ, ಹಾಕವ್ವ" ಎಂದರು ಅತ್ತೆ.

ನೀರು ಹದಕ್ಕೆ ಬಂತು, ಗಪ್ಪಿ ಮೀನು ಬಿಟ್ಟೆವು, ಮರಿಗಳೂ ಆದವು. ಇಸಿದುಕೊಂಡು ತಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂದು ಅತ್ತೆ ಹೇಳಿಹೋಗಿದ್ದರಿಂದ ಆ ಬಟ್ಟಲು ನಮ್ಮಲ್ಲೇ ಉಳಿದಿತ್ತು. ಮೊನ್ನೆ ಮತ್ತೆ ಬಂದವರು ಅದರಲ್ಲಿ ಒಂದಷ್ಟು ಮರಿಗಳನ್ನು ಬಿಟ್ಟುಕೊಂಡು, ನೀರು ತುಳುಕದ ಹಾಗೆ ನಿಧಾನಕ್ಕೆ ಹೆಜ್ಜೆಯಿಡುತ್ತ ಎದುರು ಮನೆಗೆ ಹೊರಟರು. ನಾನು ಮುಂದೆ ಹೋಗಿ ಗೇಟು ತೆಗೆದೆ.