ತುಂಡಾದ ಕೆಂಪು ಗೆರೆ

ದೆವ್ವದ ಮಾತೆತ್ತಿದವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಕತ್ತಲೆಂದರೆ ಬೆಳಕಿಲ್ಲದ ಜಾಗ, ಅಷ್ಟೇ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹೇಳಿದ್ದನ್ನು ನಂಬಿಕೊಂಡು ಬೆಳೆದವಳು ನಾನು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಮೈಸೂರಿನಿಂದ ತಮಿಳು ಸೀಮೆಗೆ ಬಂದು ಅಣ್ಣಾ ನಗರದಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರಿಗೆ ಮಣಲಿ ಕಡೆಯ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ಒಂದೇ ಸಾಲಿಗೆ ಬರುವಂತೆ ಕೂರಿಸುವ ಕೆಲಸ. ಒಂದು ಭಾನುವಾರ, ಮಗಳ ಆಟದ ಸಾಮಾನಿಡಲು ಗೋಡೆಗೆ ತಗ್ಗಾಗಿ ಹಲಗೆ ಹೊಡೆಯಬೇಕೆಂದು, ನೆಟ್ಟಗೆ ಬೆಳಕಿನ ಗೆರೆ ಬೀಳಿಸುವ ಲೇಸರ್ ಲೆವೆಲ್ ತಂದರು. ಟಿಫನ್ ಡಬ್ಬಿಯಷ್ಟಿತ್ತು. ಅದನ್ನು ರೂಮಿನ ಬಾಗಿಲ ಬಳಿ ಪುಟ್ಟ ಸ್ಟೂಲಿನ ಮೇಲಿಟ್ಟು, ಕರ್ಟನ್ ಎಳೆದು ಹಚ್ಚಿದರೆ, ಎದುರು ಗೋಡೆಯ ಉದ್ದಕ್ಕೂ ಮೊಣಕಾಲೆತ್ತರಕ್ಕೆ ಸಣ್ಣ ಕೆಂಪು ಗೆರೆ ಬಿತ್ತು. ಇವರು ಅಡ್ಡ ಹೋದಾಗ ಎರಡು ಕಡೆ ತುಂಡಾಯಿತು, ಒಂದೊಂದು ಕಾಲಿಗೆ ಒಂದೊಂದು. ನಾನು ಸೀರೆಯಲ್ಲಿ ಹೋದಾಗ ಒಂದೇ ಕಡೆ.

ಆ ಗೋಡೆಯ ಬುಡದಲ್ಲೇ ಹಾಸಿಗೆ ಹಾಕಿ ಮೂರು ವರ್ಷದ ಸಹನಾಳನ್ನು ಮಲಗಿಸಿದ್ದೆ. ಅತ್ತೆಗೆ ಅದು ಸರಿಬರಲಿಲ್ಲ. ಮಲಗಿದ ಮಗುವನ್ನು ಯಾರಾದರೂ ದಾಟಿದರೆ ಅವರನ್ನು ಹಿಂದಕ್ಕೂ ದಾಟಿಸುವ ಪದ್ಧತಿ ಅವರದು.

"ಮಗುವಿನ ಮೇಲೆ ಅದೆಂಥದ್ದೋ ದಾಟಿಸ್ತಿದ್ದೀಯಲ್ಲೋ."

"ಅದು ಬೆಳಕಮ್ಮಾ. ಅದಕ್ಕೆ ಕಾಲಿಲ್ಲ," ಎಂದರು ಇವರು. ಅತ್ತೆ ಗೊಣಗುತ್ತಾ ದೇವಸ್ಥಾನಕ್ಕೆ ಹೊರಟರು. ಗೋಡೆಗೆ ಗುರುತು ಹಾಕುವುದು ಇನ್ನೂ ಇದೆ, ಸ್ಟೂಲು ಅಲುಗಿಸಬೇಡ ಎಂದು ಹೇಳಿ ಇವರೂ ಸ್ಕ್ರೂ ತರಲು ಅಂಗಡಿಗೆ ಹೋದರು.

ನಾನು ರೂಮಿನ ಬಾಗಿಲಲ್ಲಿ ಕೂತು ಬೀನ್ಸ್ ಸೋಸುತ್ತಿದ್ದೆ. ಸಂಜೆಯಾಗುತ್ತಿತ್ತು. ತಲೆ ಎತ್ತಿದಾಗ ಕಿಟಕಿಯ ಕಡೆಯ ತುದಿಯಲ್ಲಿ ಗೆರೆ ಎರಡು ಕಡೆ ತುಂಡಾಗಿತ್ತು.

ಸ್ಟೂಲಿಗೂ ಗೋಡೆಗೂ ನಡುವೆ ಏನೂ ಇರಲಿಲ್ಲ. ಕರ್ಟನ್ ಅಲುಗಾಡುತ್ತಿರಲಿಲ್ಲ. ನೋಡುತ್ತಿದ್ದಂತೆ, ತುಂಡಾದ ಎರಡು ಜಾಗಗಳಲ್ಲಿ ಮುಂದಿನದು ಸ್ವಲ್ಪ ಸರಿಯಿತು. ಆಮೇಲೆ ಹಿಂದಿನದು. ಮತ್ತೆ ಮುಂದಿನದು. ಅವಸರವೇ ಇಲ್ಲದೆ, ನನ್ನ ಮಗಳ ಕಡೆಗೆ.

ಹೇಗೆ ಎದ್ದೆನೋ ಗೊತ್ತಿಲ್ಲ. ಮೊರ ಉರುಳಿತು. ಹೋಗಿ ಮಗುವನ್ನು ಬಾಚಿಕೊಂಡಾಗ ಪಕ್ಕದ ಗಾಳಿ ತಣ್ಣಗಿತ್ತೇ, ವಾಸನೆಯಿತ್ತೇ ಎಂದು ಕೇಳಬೇಡಿ, ಏನೂ ಇರಲಿಲ್ಲ. ಹಿಂದಕ್ಕೆ ಹೆಜ್ಜೆ ಇಡುತ್ತಾ ಬಂದೆ. ಸ್ಟೂಲಿಗೆ ಹತ್ತಿರವಾದಷ್ಟೂ ಗೋಡೆಯ ಮೇಲೆ ನನ್ನ ಸೀರೆಯಿಂದ ಗೆರೆ ತುಂಡಾದ ಜಾಗ ಅಗಲವಾಗುತ್ತಾ ಹೋಯಿತು. ಸ್ಟೂಲು ದಾಟಿ ಬಾಗಿಲಲ್ಲಿ ನಿಂತೆ, ನನ್ನದು ಮಾಯವಾಯಿತು. ಆ ಎರಡು ಮಾತ್ರ ಖಾಲಿ ಹಾಸಿಗೆಯ ಮೇಲೆ ನಿಂತಿದ್ದವು.

ಸ್ವಲ್ಪ ಹೊತ್ತಿನ ಮೇಲೆ ಅವೂ ಅಗಲವಾಗತೊಡಗಿದವು.

ಅಗಲವಾಗಿ, ಒಂದಕ್ಕೊಂದು ಕೂಡಿ, ಗೋಡೆಯ ಮೇಲೆ ಗೆರೆಯೇ ಇಲ್ಲದಂತಾಯಿತು. ಮರುಕ್ಷಣ ಗೆರೆ ಪೂರ್ತಿಯಾಗಿ, ನೆಟ್ಟಗೆ ಮತ್ತೆ ಬಿತ್ತು. ಮಗು ನನ್ನ ಹೆಗಲ ಮೇಲೆ ಎಚ್ಚರವಾಗದೆ ಮಲಗಿತ್ತು.

ಇವರು ಬಂದಾಗ ನಾನು ಬೀದಿಯಲ್ಲಿ ನಿಂತಿದ್ದೆ. ಲೆವೆಲ್‌ನ ಗಾಜಿನ ಮೇಲೆ ಧೂಳು ಕೂತಿರಬೇಕು ಎಂದರು. ಆಫೀಸಿನಲ್ಲಿ ಪರೀಕ್ಷೆ ಮಾಡಿಸಿದರು, ದೋಷವಿರಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಎಲ್ಲ ಕೇಳಿಸಿಕೊಂಡು, "ಇನ್ನು ಮಗು ನನ್ನ ಪಕ್ಕದಲ್ಲೇ ಮಲಗಲಿ," ಎಂದರು.

ಧೂಳೇ ಇರಬಹುದು. ಆದರೆ ಧೂಳು ಒಂದಾದ ಮೇಲೊಂದು ಹೆಜ್ಜೆ ಇಡುವುದನ್ನು ನಾನು ಕಂಡಿಲ್ಲ. ಗೆರೆ ಕೂಡಿಕೊಂಡದ್ದು ಅದು ಹೊರಟುಹೋದದ್ದರಿಂದಲೋ, ನನ್ನಂತೆಯೇ ಸ್ಟೂಲು ದಾಟಿ ಈಚೆಗೆ, ನಾವು ನಿಂತಲ್ಲಿಗೆ ಬಂದದ್ದರಿಂದಲೋ, ಇವತ್ತಿಗೂ ನನಗೆ ತಿಳಿಯದು. ಸಹನಾ ಈಗ ನನಗಿಂತ ಎತ್ತರವಾಗಿದ್ದಾಳೆ. ಆದರೂ ಅವಳು ಮಲಗಿದ ಮೇಲೆ ಒಂದು ಸಲ ಹೋಗಿ, ಪಕ್ಕದ ಜಾಗವನ್ನು ಕೈಯಿಂದ ಮುಟ್ಟಿ ನೋಡಿ ಬರುತ್ತೇನೆ.